ವಾಟರ್‌ಪ್ರೂಫ್ ಬೂಟಿಗೆ ಹೊಲಿಗೆ ಫ್ರೀ

ಮೂವತ್ತಾರಕ್ಕೆ ನಿವೃತ್ತನಾದೆ ಎಂದರೆ ಜನ ನಗುತ್ತಾರೆ. ನಗಲಿ. ಶಿವಾಜಿನಗರದ ಬೂಟಿನಂಗಡಿಯಲ್ಲಿ ದಿನವಿಡೀ ಮಂಡಿಯೂರಿ ಊರವರ ಕಾಲು ಹಿಡಿದವನ ನಿವೃತ್ತಿಯ ವಯಸ್ಸನ್ನು ಅವನ ಮಂಡಿಯೇ ತೀರ್ಮಾನಿಸುತ್ತದೆ. ನನ್ನದು ಹೋದ ವರ್ಷ ತೀರ್ಮಾನಿಸಿತು. ಅದೇ ಹೊತ್ತಿಗೆ ಅಂಗಡಿಯೂ ಮುಚ್ಚಿತು, ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಶಾಲು, ಹಣ್ಣಿನ ಬುಟ್ಟಿ, ನಾಲ್ಕು ಒಳ್ಳೆಯ ಮಾತು ಯಾವುದೂ ಇಲ್ಲದೆ ರಾಮಮೂರ್ತಿ ನಗರದ ಬಾಡಿಗೆ ಮನೆಯಲ್ಲಿ ಕಾಲು ಚಾಚಿಕೊಂಡು ಕೂತು ಇದನ್ನು ಟೈಪು ಮಾಡುತ್ತಿದ್ದೇನೆ. ಶೋರೂಮುಗಳ ಕೌಂಟರಿಗೆ ಹೊಸದಾಗಿ ಸೇರುತ್ತಿರುವ ತಮ್ಮ ತಂಗಿಯರು ಓದಲಿ ಎಂದು. ನಿಮಗೆ ಟೈ ಕಟ್ಟುವುದು ಹೇಗೆ, ಹಲ್ಲು ಎಷ್ಟು ಕಾಣುವಂತೆ ನಗಬೇಕು ಎಂಬುದನ್ನೆಲ್ಲ ಏಸಿ ರೂಮಿನಲ್ಲಿ ಕೂರಿಸಿ ಕಲಿಸುತ್ತಾರಂತೆ. ಬೂಟು ಎಂದರೇನು ಎಂಬುದೊಂದನ್ನು ಬಿಟ್ಟು.

ನನಗೂ ಯಾರೂ ಕಲಿಸಲಿಲ್ಲ. ನಾನು ಕಲಿತದ್ದು ಬ್ಲೇಡಿನಿಂದ. ಗಿರಾಕಿಗಳು ಅಂಗಡಿಯಲ್ಲೇ ಬಿಟ್ಟುಹೋದ ಹಳೆಯ ಬೂಟುಗಳನ್ನು ಮನೆಗೆ ತಂದು ತಾರಸಿಯ ಮೇಲೆ ಉದ್ದಕ್ಕೆ ಸೀಳುತ್ತಿದ್ದೆ. ಪರದೇಶದ ಗಡ್ಡಧಾರಿಗಳು ಬೂಟು ಸೀಳುವ ವಿಡಿಯೋ ಫೋನಿನಲ್ಲಿ ಓಡುತ್ತಿರುತ್ತಿತ್ತು. ಅವರು ತೋರಿಸಿದ ಪದರ ನಮ್ಮ ಮಾಲಿನಲ್ಲಿ ಇದೆಯೇ ಎಂದು ನಾನು ಹುಡುಕುತ್ತಿದ್ದೆ. ಎಷ್ಟೋ ಸಲ ಇರುತ್ತಿರಲಿಲ್ಲ, ಸ್ಟಿಕ್ಕರ್ ಮಾತ್ರ ಇರುತ್ತಿತ್ತು. ನಮ್ಮವ್ವ ಸೇಡಂ ಕಡೆಯವಳು, ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. "ಶರಣ್ಯಾ, ಮನಿ ತುಂಬ ತೊಯ್ದ ನಾಯಿ ವಾಸ್ನಿ ಬರ್ಲಿಕತ್ತದ ನೋಡು. ಡಿಗ್ರಿ ಮಾಡಿದ್ದು ಇದಕ್ಕೇನು?"

ಹೌದವ್ವ, ಇದಕ್ಕೇ.

ಅಂಗಡಿಯ ಯಜಮಾನರು ದೊರೈ ಅಣ್ಣ. ಹಲಸೂರಿನವರು. ಮನೆಯಲ್ಲಿ ತಮಿಳು, ಗಲ್ಲಾದಲ್ಲಿ ಐದು ಭಾಷೆ. ಮನುಷ್ಯ ಒಳ್ಳೆಯವರು, ಅದರಲ್ಲಿ ತಕರಾರಿಲ್ಲ. ಬೂಟಿನ ಬಗ್ಗೆ ಮಾತ್ರ ಅವರಿಗೆ ಗೊತ್ತಿದ್ದದ್ದೆಲ್ಲ ಡಬ್ಬದ ಮೇಲೆ ಬರೆದದ್ದೇ. ನಮ್ಮಲ್ಲಿಗೆ ರಫ್ತಿಗೆಂದು ತಯಾರಾಗಿ ಆರ್ಡರ್ ಕೈಕೊಟ್ಟ ಮಾಲು ಬರುತ್ತಿತ್ತು. ಮಳೆ ಬೀಳುವ ಪರದೇಶಗಳ ಬೇಟೆಗಾರರಿಗೆಂದು ಮಾಡಿದ ಚರ್ಮದ ಎತ್ತರದ ಬೂಟುಗಳು, ಡಬ್ಬದ ಮೇಲೆ ಹಾರುತ್ತಿರುವ ಬಾತುಕೋಳಿಯ ಚಿತ್ರ. ಬೇಟೆ ನಮ್ಮಲ್ಲಿ ಅಪರಾಧ. ಆದರೂ ‘ಹಂಟಿಂಗ್ ಬೂಟ್’ ಕೊಳ್ಳುವವರಿಗೆ ಬೆಂಗಳೂರಿನಲ್ಲಿ ಯಾವತ್ತೂ ಬರ ಬರಲಿಲ್ಲ.

ಒಬ್ಬ ಬಂದಿದ್ದ. ಕಗ್ಗದಾಸಪುರದ ಫ್ಲ್ಯಾಟಿನವನು, ನುಣ್ಣಗೆ ಟ್ರಿಮ್ ಮಾಡಿದ ಗಡ್ಡ.

"ಬ್ರೋ, ಇದು ಫುಲ್ ವಾಟರ್‌ಪ್ರೂಫಾ?"

"ಎಲ್ಲಿಗೆ ಹಾಕೊಳ್ತೀರಾ ಸಾರ್?"

"ಇಂದಿರಾನಗರ. ಹಂಡ್ರೆಡ್ ಫೀಟ್ ರೋಡು."

"ಅಲ್ಲೇನು ನೀರಿದೆ ಸಾರ್?"

"ಮಳೆ ಬಂದ್ರೆ ಗುರು. ಕಾರಿಂದ ಇಳಿದು ಪಬ್ ಬಾಗಿಲ ತನಕ ನಡೀಬೇಕಲ್ವಾ."

ಕೆಸರಿನಲ್ಲಿ ಮೊಣಕಾಲಿನ ತನಕ ಹೂತು ದಿನವಿಡೀ ನಡೆಯುವವನಿಗೆಂದು ಹೊಲಿದ ಬೂಟು, ಕಾರಿನಿಂದ ಬಾಗಿಲಿಗೆ ನಡೆಯಲು ಹೋಯಿತು. ನಾನು ಲೇಸು ಕಟ್ಟಿಕೊಟ್ಟು, ಥ್ಯಾಂಕ್ಯೂ ಸಾರ್ ಎಂದೆ. ನಮ್ಮ ಕೆಲಸದಲ್ಲಿ ತಿರಸ್ಕಾರವನ್ನು ಮುಖದ ಮೇಲೆ ಇಟ್ಟುಕೊಳ್ಳುವಂತಿಲ್ಲ. ಮಂಡಿಯೂರಿ ಕೂತಾಗ ಮುಖ ಯಾರಿಗೂ ಕಾಣುವುದಿಲ್ಲ, ಅದೊಂದೇ ಅನುಕೂಲ.

ಕೌಂಟರಿನ ಪಕ್ಕದಲ್ಲಿ ಒಂದು ನೀಲಿ ಬಕೆಟ್ ಇತ್ತು. ಗಿರಾಕಿ ಅನುಮಾನಿಸಿದರೆ ದೊರೈ ಅಣ್ಣ ಬೂಟನ್ನು ಎರಡೂ ಕೈಯಲ್ಲಿ ಹಿಡಿದು, ಗಣಪತಿ ಬಿಡುವವರ ಗಾಂಭೀರ್ಯದಲ್ಲಿ ನೀರಿಗಿಳಿಸಿ, ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು. ಆಮೇಲೆ ಎತ್ತಿ, "ಕೈ ಹಾಕಿ ನೋಡಿ ಸಾರ್. ಪೂರಾ ಒಣ. ರಾಜಸ್ಥಾನ." ಗಿರಾಕಿ ಕೈ ಹಾಕಿ ತಲೆದೂಗಿ ಡಬ್ಬ ಹಿಡಿದುಕೊಂಡು ಹೋಗುತ್ತಿದ್ದ.

ಆ ಬಕೆಟ್ಟಿನಷ್ಟು ಸುಳ್ಳು ಹೇಳಿದ ವಸ್ತು ಇಡೀ ಕಂಟೋನ್ಮೆಂಟಿನಲ್ಲಿ ಇನ್ನೊಂದಿಲ್ಲ. ನಿಂತ ಬೂಟು ಸೋರುವುದಿಲ್ಲ. ನಡೆಯುವ ಬೂಟು ಸೋರುತ್ತದೆ. ಹೆಜ್ಜೆ ಎತ್ತುವಾಗ ಬೆರಳಿನ ಬುಡದಲ್ಲಿ ಚರ್ಮ ಮಡಚುತ್ತದಲ್ಲ, ನೀರು ಒಳಗೆ ಬರುವುದು ಅಲ್ಲಿಂದ. ಲೇಸಿನ ಕೆಳಗಿರುವ ನಾಲಿಗೆಯ ಪಕ್ಕದ ಸಂದಿನಿಂದ. ತುಂಡು ತುಂಡು ಚರ್ಮ ಸೇರಿಸಿ ಹೊಲಿದಿದ್ದರೆ ಪ್ರತಿ ಸೇರಿಕೆಯಿಂದ. ಹಾಗಾಗಿ ಒದ್ದೆ ನೆಲದಲ್ಲಿ ನಡೆಯುವವನಿಗೆ ಬೂಟು ಆರಿಸುವಾಗ ಸ್ಟಿಕ್ಕರ್ ಓದಬೇಡಿ, ಹೊಲಿಗೆ ಎಷ್ಟು ಕಡಿಮೆ ಇದೆ ನೋಡಿ. ನಾಲಿಗೆಯ ಎರಡೂ ಅಂಚು ಮೇಲಿನ ತನಕ ಬೂಟಿಗೇ ಕೂಡಿಕೊಂಡಿದೆಯೇ ಬೆರಳಿಟ್ಟು ನೋಡಿ. ಒಳಗೆ ತೆಳ್ಳಗಿನ ಚೀಲದಂಥ ಪದರ ಇರಬೇಕು, ಅದು ನೀರನ್ನು ತಡೆದು ಬೆವರಿನ ಹಬೆಯನ್ನು ಹೊರಗೆ ಬಿಡುತ್ತದೆ. ಬೂಟಿಗಿಂತ ಆಳದ ನೀರಿಗೆ ಇಳಿದವನಿಗೆ ಯಾವ ಪದರವೂ ಸಹಾಯಕ್ಕೆ ಬರುವುದಿಲ್ಲ ಎಂಬುದನ್ನೂ ಹೇಳಿಬಿಡಿ, ಅದನ್ನು ಹೇಳದೆ ಮಾರಿದವರೇ ಹೆಚ್ಚು. ಇನ್ನು ಕೊಬ್ಬರಿ ಎಣ್ಣೆ. ನಮ್ಮ ಜನ ತಲೆಗೆ ಹಾಕುವುದನ್ನೆಲ್ಲ ಬೂಟಿಗೂ ಹಾಕುತ್ತಾರೆ. ಚರ್ಮ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾದ ಮೇಲೆ ತಂದು ನಮ್ಮ ಮುಖದ ಮೇಲೆ ಎಸೆಯುತ್ತಾರೆ.

ಇದೆಲ್ಲ ಸಣ್ಣದು. ದೊಡ್ಡದು ಅಂಗಡಿಯ ಹೊರಗೆ ಬೋರ್ಡಿನಲ್ಲಿತ್ತು. ‘ಯಾವುದೇ ಬೂಟಿಗೆ ಹೊಲಿಗೆ ಫ್ರೀ.’

ನಿಮಗೆ ಗೊತ್ತಿರುತ್ತದೆ. ನಮ್ಮಲ್ಲಿ ಹೊಸ ಶೂ ಕೊಂಡರೆ ಮೊದಲ ಕೆಲಸ ಫುಟ್‌ಪಾತಿನವನ ಹತ್ತಿರ ಹೋಗಿ ಅಟ್ಟೆಯ ಸುತ್ತ ಒಂದು ಹೊಲಿಗೆ ಹಾಕಿಸುವುದು. ಕಂಪನಿಯವರು ಗೋಂದಿನಿಂದ ಅಂಟಿಸಿದ್ದನ್ನು ನಾವು ನಂಬುವವರಲ್ಲ. ಶಾಲೆಯ ಶೂಗೆ ಹಾಕಿಸಿದೆವು, ಮದುವೆಯ ಶೂಗೆ ಹಾಕಿಸಿದೆವು, ಹೊಲಿಗೆ ಇಲ್ಲದ ಶೂ ಹಾಕಿಕೊಂಡವನನ್ನು ಮನೆಯವರು ಬೇಜವಾಬ್ದಾರಿ ಮನುಷ್ಯ ಎಂದು ಕರೆದರು. ದೊರೈ ಅಣ್ಣ ಈ ಭಕ್ತಿಯನ್ನು ವ್ಯಾಪಾರ ಮಾಡಿಕೊಂಡರು. ಎದುರಿನ ಮರದ ಕೆಳಗೆ ಕೂರುವ ಮುನಿರಾಜು ನಮ್ಮ ಗಿರಾಕಿಗಳಿಗೆಲ್ಲ ಹೊಲಿಯುತ್ತಿದ್ದ. ಅವನ ಕೈ ವೇಗ. ದಬ್ಬಳ ಅಟ್ಟೆಯ ಅಂಚಿನಿಂದ ಹೊಕ್ಕು, ಚರ್ಮ ದಾಟಿ, ಒಳಗಿನ ಚೀಲವನ್ನೂ ದಾಟಿ ಆಚೆ ಬರುತ್ತಿತ್ತು. ವಾಟರ್‌ಪ್ರೂಫ್ ಬೂಟಿನ ಸುತ್ತ ಸಾಲಾಗಿ ತೂತು.

"ಅಣ್ಣ, ಈ ಬೂಟಿಗೆ ಹೊಲಿಗೆ ಹಾಕಿದ್ರೆ ವಾಟರ್‌ಪ್ರೂಫ್ ಹೋಯ್ತು" ಎಂದು ನಾನು ಹೇಳದ ತಿಂಗಳಿಲ್ಲ.

"ತೂತಲ್ಲಿ ದಾರ ಇರತ್ತಲ್ಲಡಾ. ದಾರ ಇದ್ಮೇಲೆ ತೂತು ಎಲ್ಲಿ?"

ಈ ತರ್ಕಕ್ಕೆ ನನ್ನ ಹತ್ತಿರ ವಿಡಿಯೋ ಇರಲಿಲ್ಲ. ಪಬ್ಬಿಗೆ ಹೋಗುವವರಿಗೆ ತೂತಿದ್ದರೇನು, ಬಿಟ್ಟರೇನು ಎಂದು ಸುಮ್ಮನಾಗುತ್ತಿದ್ದೆ. ನಿಜವಾಗಿ ನೀರಿಗೆ ಇಳಿಯುವವರು ಅಂಗಡಿಗೆ ಬಂದರೆ ಮಾತ್ರ ಬೂಟನ್ನು ನಾನೇ ಕಟ್ಟಿ, ಮುನಿರಾಜುವಿನ ಕಣ್ಣಿಗೆ ಬೀಳದಂತೆ ಗಿರಾಕಿಯ ಕೈಗೆ ಕೊಡುತ್ತಿದ್ದೆ.

ರಹಮತ್ ಸಾಹೇಬರು ಬಂದದ್ದು ಹಿಂಗಾರು ಮಳೆ ಹಿಡಿದುಕೊಂಡಿದ್ದ ಒಂದು ವಾರದಲ್ಲಿ. ಫ್ರೇಜರ್ ಟೌನಿನವರು, ಮರದ ವ್ಯಾಪಾರ ಮಾಡಿ ಬಿಟ್ಟವರು, ದೊರೈ ಅಣ್ಣನಿಗೆ ಬಹಳ ಹಳೆಯ ಪರಿಚಯ. ಜೊತೆಗೆ ಮಗಳು ಶಬಾನಾ. ಸಾಹೇಬರ ತಮ್ಮ ಸ್ಕಾಟ್ಲೆಂಡಿನಲ್ಲಿ ನೆಲೆಸಿದ್ದರು. ಅಲ್ಲಿ ಲೈಸೆನ್ಸ್ ಇದ್ದವರು ಚಳಿಗಾಲದಲ್ಲಿ ಬಾತುಕೋಳಿ ಹೊಡೆಯಬಹುದು, ತಮ್ಮನಿಗೆ ಲೈಸೆನ್ಸ್ ಇತ್ತು. ನಮ್ಮಲ್ಲಿ ಕಾನೂನು ಬರುವ ಮೊದಲು, ಇಬ್ಬರೂ ಹುಡುಗರಾಗಿದ್ದಾಗ, ಕೆ.ಆರ್. ಪುರದ ಆಚೆಯ ಕೆರೆಗಳಲ್ಲಿ ತಂದೆಯ ಹಿಂದೆ ನಡೆದವರು. ಒಂದು ಸಲ ಮತ್ತೆ ಹಾಗೆ ನಡೆಯೋಣ ಬಾ ಎಂದು ತಮ್ಮ ಕರೆದಿದ್ದರು.

"ಬಂದೂಕು ಅವನದು. ನಾನು ಸುಮ್ನೆ ಪಕ್ಕದಲ್ಲಿ ನಡಿಯೋನು" ಎಂದರು ಸಾಹೇಬರು.

"ನಡಿಯೋದೇ ಪ್ರಾಬ್ಲಮ್" ಎಂದಳು ಶಬಾನಾ. ಕುರ್ಚಿಯ ಮುಂದೆ ಕೂತು ನಾನು ಸಾಹೇಬರ ಚಪ್ಪಲಿ ಬಿಚ್ಚಿದೆ. ಬಲಗಾಲಿನಲ್ಲಿ ಕಿರುಬೆರಳು ಇರಲಿಲ್ಲ. "ಶುಗರ್. ಒಂದು ಬೊಬ್ಬೆಯಿಂದ ಶುರುವಾಗಿದ್ದು. ಇವರಿಗೆ ಪಾದದಲ್ಲಿ ಏನೂ ಗೊತ್ತಾಗಲ್ಲ. ಒದ್ದೆಯಲ್ಲಿ ಚರ್ಮ ಮೆತ್ತಗಾಗಿ ಇನ್ನೊಂದು ಗಾಯ ಆದ್ರೆ ಈ ಸಲ ಬೆರಳಿಗೆ ನಿಲ್ಲಲ್ಲ, ಪಾದಾನೇ ತೆಗೀಬೇಕಾಗತ್ತೆ ಅಂದಿದ್ದಾರೆ ಡಾಕ್ಟರ್. ಕಾಲು ಒಣಗಿರತ್ತೆ ಅನ್ನೋ ಬೂಟು ಸಿಕ್ಕಿದ್ರೆ ಮಾತ್ರ ಕರ್ಕೊಂಡು ಹೋಗ್ತೀನಿ. ಇಲ್ಲಾಂದ್ರೆ ಇಲ್ಲ."

"ಗಮ್ ಬೂಟು ಕೊಡ್ಲಾ ಸಾಹೇಬ್ರೇ, ಮೀನಂಗಡಿಯವರು ಹಾಕ್ತಾರಲ್ಲ" ಎಂದು ದೊರೈ ಅಣ್ಣ ಗಲ್ಲಾದಿಂದಲೇ ಕೂಗಿದರು.

"ಅದರಲ್ಲಿ ಬೆವರಿಗೇ ಕಾಲು ನೆನೆಯತ್ತೆ ದೊರೈ. ಚರ್ಮದ್ದೇ ಬೇಕು. ಕಾಲ್ಗಿಣ್ಣು ಮುಚ್ಚಿರ್ಬೇಕು, ತೂತಿರಬಾರ್ದು, ನೀರು ಒಳಗೆ ಬರಬಾರ್ದು." ಆಮೇಲೆ ನನ್ನ ಕಡೆ ಬಗ್ಗಿದರು. "ಅಂಥಾ ಬೂಟಿದ್ರೆ ನಮಾಜಿಗೆ ಮುಂಚೆ ಪ್ರತಿ ಸಲ ಕಾಲು ತೊಳೆಯೋದು ಬೇಡ ಬೇಟಾ, ಬೂಟಿನ ಮೇಲೆ ಒದ್ದೆ ಕೈ ಸವರಿದ್ರೆ ಸಾಕು. ಆ ಚಳೀಲಿ ಕಾಲು ತೊಳ್ಕೊಂಡು ಕೂತ್ರೆ ಆಯ್ತು ನನ್ನ ಕಥೆ."

ಪರದೇಶದ ಗಡ್ಡಧಾರಿಗಳು ಅರ್ಧ ಗಂಟೆ ವಿಡಿಯೋ ಮಾಡಿ ಹೇಳಿದ್ದನ್ನೇ ಇವರು ಒಂದು ಉಸಿರಿನಲ್ಲಿ ಹೇಳಿ ಮುಗಿಸಿದರು. ನನಗೆ ಆ ಗಿರಾಕಿ ಇಷ್ಟವಾದರು.

ಕೌಂಟರಿಗೆ ಸೇರುವವರು ಇದನ್ನು ನೆನಪಿಡಿ. ಪಾದ ಮರಗಟ್ಟಿದವರನ್ನು ‘ಟೈಟಾ ಸಾರ್?’ ಎಂದು ಕೇಳುವವನಷ್ಟು ದಡ್ಡ ಇನ್ನೊಬ್ಬನಿಲ್ಲ. ಅವರು ಎಲ್ಲಕ್ಕೂ ಚೆನ್ನಾಗಿದೆ ಎನ್ನುತ್ತಾರೆ. ನಾನು ಬೂಟಿನ ಒಳಗಿನ ಅಟ್ಟೆ ಈಚೆಗೆ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ಅವರನ್ನು ನಿಲ್ಲಿಸಿದೆ. ಪಾದ ಅಂಚಿನಿಂದ ಹೊರಗೆ ಚಾಚಿದರೆ ಬೂಟು ಕಚ್ಚುತ್ತದೆ ಎಂದರ್ಥ, ಅವರಿಗೆ ಗೊತ್ತಾಗಲಿ ಬಿಡಲಿ. ನಾಲ್ಕು ಜೊತೆ ಹೀಗೇ ಆಗದೆ ಪಕ್ಕಕ್ಕೆ ಹೋದವು. ಐದನೆಯದು ಕೂತಿತು. ಅಗಲ ಪಾದದ್ದು, ಒಂದೇ ಚರ್ಮದಿಂದ ಮಾಡಿದ್ದು, ನಾಲಿಗೆ ಮೇಲಿನ ತನಕ ಕೂಡಿದ್ದು. ಆ ಅಗಲದಲ್ಲಿ ಅಂಗಡಿಯಲ್ಲಿದ್ದದ್ದು ಅದೊಂದೇ.

"ಇನ್ನೊಂದು ವಿಷಯ ಸಾಹೇಬ್ರೇ. ಬೂಟಿಗೆ ಕಾಲು ಹಾಕೋ ಮುಂಚೆ ಪ್ರತಿ ಸಲ ಕೈ ಹಾಕಿ ನೋಡ್ಬೇಕು. ಕಲ್ಲಿರಲಿ, ಮುಳ್ಳಿರಲಿ, ನಿಮ್ಮ ಕಾಲು ಹೇಳಲ್ಲ. ಕೈ ಹೇಳತ್ತೆ."

ದೊರೈ ಅಣ್ಣ ನಕ್ಕರು. "ಕೈ ಹಾಕೋಕೆ ಅದೇನು ಗ್ಲೌಸಾ? ಅವರಿಗೆ ಯಾಕೆ ಹೆದರಿಸ್ತೀಯಾ?"

ಸಾಹೇಬರು ನಗಲಿಲ್ಲ. ಅಲ್ಲೇ ಕೈಯನ್ನು ಬೂಟಿನೊಳಗೆ ಇಳಿಸಿ ಮೂಲೆ ಮೂಲೆ ತಡವಿ ನೋಡಿದರು.

ಹತ್ತಿ ಕಾಲುಚೀಲ ಒದ್ದೆಯಾದರೆ ಒಣಗುವುದಿಲ್ಲ, ಉಣ್ಣೆಯದು ಬೇಕು ಎಂದೆ. ಹಲಸೂರಿನಲ್ಲಿ ಮಿಲಿಟರಿ ಸಾಮಾನು ಮಾರುವ ಕಡೆ ಸಿಗುತ್ತದೆಂದು ನಾನೇ ಗಾಡಿ ಹತ್ತಿ ಹೋದೆ. ಬೂಟು ಡಬ್ಬದಲ್ಲಿತ್ತು, ಸಾಹೇಬರ ಮುಂದೆ ಟೀ ಇತ್ತು. ಮರಳಿ ಬರುವಷ್ಟರಲ್ಲಿ ಮಳೆ ಜಡಿದು, ಅಂಗಡಿ ಮುಂದಿನ ರಸ್ತೆ ಎಂದಿನಂತೆ ಹೊಳೆಯಾಗಿತ್ತು. ಪ್ಯಾಂಟು ಮಡಚಿ ದಾಟಿಕೊಂಡು ಒಳಗೆ ಬಂದೆ. ಬೂಟು ಮೇಜಿನ ಮೇಲಿತ್ತು. ಅದರ ಅಟ್ಟೆಯ ಸುತ್ತ ದಪ್ಪನೆಯ ಬಿಳಿ ದಾರದ ಹೊಲಿಗೆ, ಒಂದೊಂದು ಅಕ್ಕಿ ಕಾಳಿನಷ್ಟು, ನೋಡಲು ಎಷ್ಟು ಚಂದ.

"ನಾನೇ ಹೇಳಿ ಡಬಲ್ ದಾರ ಹಾಕಿಸಿದೆ" ಎಂದರು ದೊರೈ ಅಣ್ಣ. "ಸಾಹೇಬ್ರು ಫಾರಿನ್‌ಗೆ ಹೋಗ್ತಿದಾರೆ, ಅಲ್ಲಿ ಬೂಟು ಬಾಯಿ ಬಿಟ್ಕೊಂಡ್ರೆ ನಮ್ ಮರ್ಯಾದೆ ಏನಾಗ್ಬೇಕು?"

ಸಾಹೇಬರೂ ಖುಷಿಯಲ್ಲಿದ್ದರು. "ಗಟ್ಟಿ ಕೆಲಸ. ಹೊಲಿಗೆ ಇಲ್ದೆ ಬೂಟು ಎಂಥಾದ್ದು."

ನಾನು ಕಾಲುಚೀಲದ ಪೊಟ್ಟಣವನ್ನು ನೆಲದ ಮೇಲೆ ಇಟ್ಟೆ. ಮುನಿರಾಜುವನ್ನು ಬೈಯುವುದರಲ್ಲಿ ಅರ್ಥವಿರಲಿಲ್ಲ, ಅವನ ಕೈಗೆ ಬಂದದ್ದನ್ನು ಅವನು ಹೊಲಿಯುತ್ತಾನೆ. "ಸಾಹೇಬ್ರೇ, ತೂತಿರಬಾರ್ದು ಅಂತ ನೀವೇ ಹೇಳಿದ್ರಿ. ಈಗ ಈ ಬೂಟಲ್ಲಿ ಹೊಲಿಗೆಗೊಂದು ತೂತಿದೆ."

ಅವರು ಬೂಟನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದರು. ನಗು ನಿಂತಿತು.

"ಶುರು ಮಾಡಿದ ನೋಡಿ ಪ್ರೊಫೆಸರ್" ಎಂದು ದೊರೈ ಅಣ್ಣ ಬೂಟನ್ನು ಕಸಿದುಕೊಂಡು ಬಕೆಟ್ಟಿಗೆ ಇಳಿಸಿದರು. ಗಣಪತಿ ಬಿಟ್ಟಾಯಿತು. ಎತ್ತಿದರು. ಕೈ ಹಾಕಿದರು. "ರಾಜಸ್ಥಾನ."

"ನಡೀಬೇಕಣ್ಣ" ಎಂದೆ. ನನ್ನ ಕಾಲೂ ಅದೇ ಸೈಜಿನದು. ಕಾಲು ಚೆನ್ನಾಗಿ ಒರೆಸಿ, ಪೊಟ್ಟಣದ ಒಣ ಕಾಲುಚೀಲ ಹಾಕಿಕೊಂಡು, ಅದರ ಮೇಲೆ ಆ ಬೂಟು ಕಟ್ಟಿ, ರಸ್ತೆಗೆ ಇಳಿದೆ. ಹಣ್ಣಿನ ಗಾಡಿಯವರೆಗೆ ಹೋಗಿ ಬಂದೆ. ಬಸ್ ಸ್ಟ್ಯಾಂಡಿನ ಕಡೆ ಓಡುತ್ತಿದ್ದವರು, ನಾನೊಬ್ಬ ಮಾತ್ರ ಚರಂಡಿ ನೀರಿನಲ್ಲಿ ಬೆರಳ ತುದಿಯ ಮೇಲೆ ನಿಂತು ಬಗ್ಗಿ ಏಳುವುದನ್ನು ನೋಡಿಕೊಂಡು ಹೋದರು. ಹೋಗುವಾಗ ಏನೂ ಇರಲಿಲ್ಲ. ಬರುವಾಗ ಬೆರಳುಗಳ ಹತ್ತಿರ ತಣ್ಣಗೆ ಅನ್ನಿಸಿತು. ಒಳಗೆ ಬಂದು ಕಾಲುಚೀಲ ಬಿಚ್ಚಿ ಮೇಜಿನ ಮೇಲಿಟ್ಟೆ. ಅರ್ಧ ಒದ್ದೆ.

"ಅದು ಬೆವರುಡಾ" ಎಂದರು ದೊರೈ ಅಣ್ಣ.

ಸಾಹೇಬರು ಕಾಲುಚೀಲದ ತುದಿಯನ್ನು ಎರಡು ಬೆರಳಲ್ಲಿ ಹಿಂಡಿ ಮೂಸಿದರು. "ಇದು ಬೆವರಲ್ಲ ದೊರೈ. ಇದು ಶಿವಾಜಿನಗರ."

ಆಮೇಲೆ ಅವರು ನನ್ನ ಬರಿಗಾಲನ್ನು ನೋಡುತ್ತ, "ನಿನ್ನ ಕಾಲಿಗೆ ಗೊತ್ತಾಯ್ತು. ನನ್ನ ಕಾಲಿಗೆ ಗೊತ್ತೇ ಆಗ್ತಿರ್ಲಿಲ್ಲ" ಎಂದರು.

"ಬಸ್ ಅಬ್ಬಾ, ಸಾಕು" ಎಂದಳು ಶಬಾನಾ. "ಇನ್ನು ಯಾರು ಏನು ಹೇಳಿದ್ರೂ ಬೇಡ. ಟಿಕೆಟ್ ಕ್ಯಾನ್ಸಲ್ ಮಾಡ್ತೀನಿ. ಚಾಚಾಗೆ ನಾನೇ ಹೇಳ್ತೀನಿ."

ಸಾಹೇಬರು ಚಪ್ಪಲಿ ಹಾಕಿಕೊಳ್ಳಲು ಕಾಲು ಚಾಚಿದರು, ಒಂದು ಚಪ್ಪಲಿ ಸಿಗದೆ ತಡಕಾಡುತ್ತಲೇ ಇದ್ದರು. ಪಾದ ಆಗಲೇ ಚಪ್ಪಲಿಯ ಮೇಲಿತ್ತು, ಅವರಿಗೆ ತಿಳಿಯಲಿಲ್ಲ. ನನಗೆ ಇನ್ನು ತಡೆದುಕೊಳ್ಳಲು ಆಗಲಿಲ್ಲ.

"ಇಂದಿರಾನಗರದಲ್ಲಿ ಒಂದು ಶೋರೂಮಿದೆ. ಅಲ್ಲಿ ಇಂಥ ಮಾಲು ಇರತ್ತೆ. ಈಗಲೇ ಹೋಗೋಣ, ನಾನೂ ಬರ್ತೀನಿ" ಎಂದೆ.

ದೊರೈ ಅಣ್ಣನ ಕೈಯಲ್ಲಿ ಇನ್ನೂ ಆ ಬೂಟಿತ್ತು. "ನನ್ನ ಗಿರಾಕೀನ ನೀನು ಇನ್ನೊಂದು ಅಂಗಡಿಗೆ ಕರ್ಕೊಂಡು ಹೋಗ್ತೀಯಾ?"

"ಹೌದಣ್ಣ."

"ಹೋಗು. ಅಲ್ಲೇ ಸೇರ್ಕೋ. ಏಸಿ ಇರತ್ತೆ."

ಶೋರೂಮಿನಲ್ಲಿ ಏಸಿ ಇತ್ತು. ಪಾದ ಅಳೆಯುವ ಯಂತ್ರವೂ ಇತ್ತು. ನಾವು ಮರದ ಅಳತೆಪಟ್ಟಿಯಲ್ಲಿ ಹಿಮ್ಮಡಿ ಒತ್ತಿ ಹಿಡಿದು ಅಳೆದವರು, ಇಲ್ಲಿ ಗಾಜಿನ ಮೇಲೆ ನಿಂತರೆ ಪರದೆಯ ಮೇಲೆ ಪಾದ ಹಳದಿ, ಕೆಂಪು, ನೀಲಿಯಾಗಿ ಮೂಡುತ್ತದೆ. ಟೈ ಕಟ್ಟಿದ ಯುವಕ ಪರದೆಯನ್ನೇ ನೋಡುತ್ತಿದ್ದ, ಪಾದವನ್ನಲ್ಲ. ಯಂತ್ರ ಕುಂಯ್ ಎಂದಿತು.

"ಸರ್, ಬಲಗಾಲು ಸರಿಯಾಗಿ ಇಡಿ. ಐದೂ ಬೆರಳು ಗಾಜಿಗೆ ತಾಗ್ಬೇಕು."

"ಐದನೇದು ಆಸ್ಪತ್ರೇಲಿ ಬಿಟ್ಟು ಬಂದೀನಿ ಬೇಟಾ" ಎಂದರು ಸಾಹೇಬರು.

ಯುವಕ ಆಗ ಕೆಳಗೆ ನೋಡಿದ. ಯಂತ್ರ ಮತ್ತೊಮ್ಮೆ ಕುಂಯ್ ಎಂದು, ಗಿರಾಕಿ ಸಹಕರಿಸುತ್ತಿಲ್ಲ ಎಂಬ ಅರ್ಥದ ಏನನ್ನೋ ಇಂಗ್ಲಿಷಿನಲ್ಲಿ ತೋರಿಸಿತು. ನಾನು ಸಾಹೇಬರನ್ನು ಇಳಿಸಿ, ಒಳ ಅಟ್ಟೆಗಳನ್ನು ತೆಗೆಸಿ, ನೆಲದ ಮೇಲೆ ಹರಡಿ ಮಂಡಿಯೂರಿದೆ. ಅಷ್ಟು ಹೊಳೆಯುವ ನೆಲದ ಮೇಲೆ ಯಾರೂ ಮಂಡಿಯೂರಿದ್ದನ್ನು ಅಲ್ಲಿನವರು ನೋಡಿರಲಿಲ್ಲವೇನೋ, ನಾಲ್ಕು ಜನ ಬಂದು ನಿಂತರು.

ಒಂದು ಜೊತೆ ಕೂತಿತು. ಸ್ಟಿಕ್ಕರ್ ನಮ್ಮ ಮಾಲಿನದಕ್ಕಿಂತ ದೊಡ್ಡದು, ಸ್ಟಿಕ್ಕರಿನ ಮಾತು ನನಗೆ ಬೇಡ. "ಇದನ್ನ ಹಾಕ್ಕೊಂಡು ಒಂದ್ಸಲ ನೀರಲ್ಲಿ ನಡೀಬೇಕು" ಎಂದೆ.

"ಸರ್, ಇದು ಸರ್ಟಿಫೈಡ್."

"ನಾನು ಸರ್ಟಿಫೈಡ್ ಅಲ್ಲ, ಅದಕ್ಕೇ ನಡೀಬೇಕು."

ಯುವಕ ಒಪ್ಪಲಿಲ್ಲ. ಸಾಹೇಬರು ಕಾರ್ಡನ್ನು ಅವನ ಮೇಜಿನ ಮೇಲಿಟ್ಟರು. "ಸೋರಿದ್ರೂ ನಾನೇ ತಗೊಳ್ತೀನಿ. ಬಿಡಪ್ಪ ಅವನನ್ನ."

ಹಂಡ್ರೆಡ್ ಫೀಟ್ ರೋಡಿನ ಫುಟ್‌ಪಾತನ್ನು ಯಾರೋ ಅಗೆದು ಹಾಗೇ ಬಿಟ್ಟಿದ್ದರು, ಗುಂಡಿಯ ತುಂಬ ಮಳೆನೀರು. ನಾನು ಇನ್ನೊಂದು ಒಣ ಕಾಲುಚೀಲದ ಮೇಲೆ ಬೂಟು ಕಟ್ಟಿ, ಅದರೊಳಗೆ ಇಳಿದು ಹೋಗುತ್ತ ಬರುತ್ತ, ಬೆರಳ ತುದಿಯ ಮೇಲೆ ಏಳುತ್ತ, ಕೂರುತ್ತ, ನಿಲ್ಲುತ್ತ ಬಹಳ ಹೊತ್ತು ಕಳೆದೆ. ಪಕ್ಕದ ಪಬ್ಬಿನ ಮುಂದೆ ಸಿಗರೇಟು ಸೇದುತ್ತಿದ್ದವರು ಫೋನು ಎತ್ತಿ ವಿಡಿಯೋ ಮಾಡಿದರು. ಅವರಲ್ಲೊಬ್ಬ ಹಂಟಿಂಗ್ ಬೂಟ್ ಹಾಕಿದ್ದ. ಅವನು ಗುಂಡಿಯಿಂದ ಸಾಕಷ್ಟು ದೂರ ನಿಂತಿದ್ದ.

ಒಳಗೆ ಬಂದು ಕಾಲುಚೀಲ ಬಿಚ್ಚಿ ಶಬಾನಾಳ ಕೈಗೆ ಕೊಟ್ಟೆ. ಅವಳು ಅದನ್ನು ಒಳಹೊರಗೆ ಮಾಡಿ, ಹಿಂಡಿ, ತಂದೆಯ ಕೈಗೆ ಕೊಟ್ಟಳು. ಅವರು ಅದನ್ನು ಕೆನ್ನೆಗೆ ಒತ್ತಿಕೊಂಡರು.

"ಸೂಖಾ" ಎಂದರು. ಒಣಗಿದೆ.

"ಸರಿ ಅಬ್ಬಾ. ಹೋಗೋಣ" ಎಂದಳು ಶಬಾನಾ.

ಯುವಕ ಡಬ್ಬ ಕಟ್ಟುತ್ತಿದ್ದ. ಸಾಹೇಬರು ನೆಮ್ಮದಿಯಿಂದ ಸುತ್ತ ನೋಡಿ ಅವನನ್ನು ಕೇಳಿದರು, "ಇಲ್ಲಿ ಹೊಲಿಗೆ ಎಲ್ಲಿ ಹಾಕ್ತಾರೆ?"

"ಅಬ್ಬಾ" ಎಂದಳು ಶಬಾನಾ. ನಾನು ಡಬ್ಬವನ್ನು ಅವನ ಕೈಯಿಂದ ತೆಗೆದುಕೊಂಡೆ. ಕಾರಿನವರೆಗೂ ಯಾರ ಕೈಗೂ ಕೊಡಲಿಲ್ಲ.

ದೊರೈ ಅಣ್ಣ ನನ್ನನ್ನು ತೆಗೆದುಹಾಕಲಿಲ್ಲ. ಎರಡು ದಿನ ಪ್ರೊಫೆಸರ್ ಎಂದು ಕರೆದರು, ಟೀ ತರಿಸುವಾಗ ನನ್ನನ್ನು ಎಣಿಕೆಯಿಂದ ಬಿಟ್ಟರು, ಆಮೇಲೆ ಮರೆತರು. ಹೊಲಿಗೆ ಹಾಕಿದ ಆ ಬೂಟನ್ನು ‘ಡಬಲ್ ವಾಟರ್‌ಪ್ರೂಫ್’ ಎಂದು ಹೇಳಿ ಬೈಕಿನಲ್ಲಿ ನಂದಿ ಬೆಟ್ಟಕ್ಕೆ ಹೋಗುವ ಒಬ್ಬನಿಗೆ ಮಾರಿದರು. ಅವನು ಸಂತೋಷದಿಂದ ಕೊಂಡುಹೋದ. ಬಿಳಿ ದಾರ ಅವನಿಗೆ ಬಹಳ ಹಿಡಿಸಿತಂತೆ.

ನಾನು ಮಾತ್ರ ದಿನಾ ಫೋನು ನೋಡುತ್ತಿದ್ದೆ. ಸಾಹೇಬರು ಹೋಗಿದ್ದರು. ಗುಂಡಿಯಲ್ಲಿ ನಡೆದದ್ದು ನಾನು, ಅಲ್ಲಿ ನಡೆಯುತ್ತಿದ್ದದ್ದು ಅವರು. ಒಂದು ಮಧ್ಯಾಹ್ನ, ಅಂಗಡಿ ಖಾಲಿ ಇದ್ದಾಗ, ಶಬಾನಾಳ ವಿಡಿಯೋ ಕಾಲ್ ಬಂತು. ದೊರೈ ಅಣ್ಣನೂ ಗಲ್ಲಾ ಬಿಟ್ಟು ಬಂದು ನನ್ನ ಹೆಗಲ ಮೇಲಿನಿಂದ ಇಣುಕಿದರು. ಅಲ್ಲಿ ಬೆಳಿಗ್ಗೆ. ಸಾಹೇಬರು ಉಣ್ಣೆ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು, ಹಿಂದೆ ಮಳೆ ಮತ್ತು ಬೂದು ಬಣ್ಣದ ಹುಲ್ಲು. ಕೈಯಲ್ಲಿ ಒಂದು ಬೂಟಿತ್ತು.

"ಶರಣು, ಎರಡು ದಿನ ತಮ್ಮನ ಜೊತೆ ನಡೆದೆ. ಎಂಥಾ ಕೆಸರು ಅಂತೀಯಾ. ಕಾಲುಚೀಲ ಮನೇಲಿ ಕೂತವನ ಕಾಲುಚೀಲದ ಹಂಗಿತ್ತು. ರಾತ್ರಿ ಬಂದು ಬೂಟು ಬಿಟ್ಟು ಮಲಗ್ದೆ."

"ಎಲ್ಲಿ ಬಿಟ್ರಿ?"

"ಎಲ್ಲಿ ಬಿಡ್ತಾರೆ? ಬಾಗಿಲ ಹೊರಗೆ. ಮೆಟ್ಟಿಲ ಮೇಲೆ."

ಪದರದ ಬಗ್ಗೆ ಹೇಳಿದ್ದೆ, ಉಣ್ಣೆಯ ಬಗ್ಗೆ ಹೇಳಿದ್ದೆ, ನಾಲಿಗೆಯ ಅಂಚಿನ ಬಗ್ಗೆ ಹೇಳಿದ್ದೆ. ಬೂಟನ್ನು ಮನೆಯೊಳಗೆ ತೆಗೆದುಕೊಂಡು ಹೋಗಿ ಎಂದು ಯಾರಿಗಾದರೂ ಹೇಳಬೇಕಾಗುತ್ತದೆ ಎಂದು ನಮ್ಮೂರಿನ ಯಾವನಿಗೆ ಹೊಳೆಯುತ್ತದೆ? ಹೊರಗೆ ಬಿಡುವುದಕ್ಕೇ ತಾನೇ ಬೂಟು ಇರುವುದು.

"ರಾತ್ರಿಯೆಲ್ಲ ಮಳೆ" ಎಂದರು ಸಾಹೇಬರು. ಬೂಟನ್ನು ಫೋನಿನ ಮುಂದೆ ಹಿಡಿದು ನಿಧಾನವಾಗಿ ಬಗ್ಗಿಸಿದರು. ಅದರ ಬಾಯಿಂದ ನೀರು ಧಾರೆಯಾಗಿ ಸುರಿಯಿತು, ಸುರಿಯುತ್ತಲೇ ಇತ್ತು. "ನೋಡು. ಒಂದು ಹನಿ ಸೋರಿಲ್ಲ. ಮಾಲು ಪಕ್ಕಾ."

"ಕಾಲು ಹಾಕಿದ್ರಾ?" ಎಂದೆ.

"ಹಾಕೋನಿದ್ದೆ. ತಮ್ಮ ಗಾಡಿ ಶುರು ಮಾಡಿ ಹಾರ್ನ್ ಹೊಡಿತಿದ್ದ, ಸರಿಯಾಗಿ ಬೆಳಕೂ ಆಗಿರ್ಲಿಲ್ಲ. ಆಮೇಲೆ ನಿನ್ನ ಮಾತು ಜ್ಞಾಪಕ ಬಂತು." ಅವರು ಬಲಗೈ ಎತ್ತಿ ತೋರಿಸಿದರು. ಸ್ವೆಟರಿನ ತೋಳು ಮಣಿಕಟ್ಟಿನ ಮೇಲಿನ ತನಕ ಒದ್ದೆಯಾಗಿತ್ತು. "ಕೈ ಹಾಕಿದೆ."

"ಕಾಲು ತೋರ್ಸಿ ಸಾಹೇಬ್ರೇ."

ಶಬಾನಾ ಫೋನನ್ನು ಕೆಳಗೆ ತಿರುಗಿಸಿದಳು. ಮರದ ನೆಲದ ಮೇಲೆ ಉಣ್ಣೆಯ ಕಾಲುಚೀಲದ ಪಕ್ಕ ಬಲಗಾಲು. ನಾಲ್ಕು ಬೆರಳು, ಒಣಗಿದ ಚರ್ಮ, ಎಲ್ಲೂ ಕೆಂಪಿಲ್ಲ. ಅವಳು ಹಿಮ್ಮಡಿಯನ್ನೂ ತೋರಿಸಿದಳು, ನಾನು ಕೇಳುವ ಮೊದಲೇ. ಬೂಟಿನೊಳಗೆ ಪೇಪರ್ ತುರುಕಿ ಒಣಗಿಸಿ, ಹೀಟರ್ ಮುಂದೆ ಇಡಬೇಡಿ, ಇವತ್ತು ಎಲ್ಲೂ ಹೋಗಬೇಡಿ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಸಾಹೇಬರು ತಲೆಯಾಡಿಸಿದರು. ಹೊರಗೆ ತಮ್ಮನ ಹಾರ್ನ್ ಇನ್ನೂ ಕೇಳುತ್ತಿತ್ತು.

ಹಿಂದಿನಿಂದ ಇಣುಕುತ್ತಿದ್ದ ದೊರೈ ಅಣ್ಣ ನನ್ನ ಹೆಗಲನ್ನು ಮೆಲ್ಲಗೆ ತಟ್ಟಿದರು.

"ನೋಡಿದ್ಯಾ" ಎಂದರು. "ಹೊಲಿಗೆ ಇದ್ದಿದ್ರೆ ನೀರು ಪಾಪ ತಾನಾಗೇ ಆಚೆ ಹೋಗ್ತಿತ್ತು."